ಕರಗಿದ ಕುಡಿಕೆ

“ಮುಟ್ಬೇಡಿ ಸರ್, ಇನ್ನೂ ಬಿಸಿ ಇದೆ!”

ನಿರಂಜನ ಕೂಗುವಷ್ಟರಲ್ಲಿ ಇನ್ಸ್‌ಪೆಕ್ಟರ್ ಪರಮೇಶ್ವರಪ್ಪನವರು ಬೆರಳು ಸುಟ್ಟುಕೊಂಡು ಬಾಯಿಗೆ ಹಾಕಿಕೊಂಡಾಗಿತ್ತು. ನನಗೆ ನಗು ಬಂತು. ಆದರೆ ಅವರು ನನ್ನ ಮೇಲಧಿಕಾರಿ, ನಾನು ಅವರ ಕೈಕೆಳಗಿನ ಸಬ್ ಇನ್ಸ್‌ಪೆಕ್ಟರ್ ಪವಿತ್ರಾ. ನಗುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುವುದಿಲ್ಲ.

ಬಣಕಲ್ಲಿನ ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ಪಿಂಗಾಣಿ ಸುಡುವ ನಿರಂಜನನ ಗ್ಯಾಸ್ ಗೂಡಿನ ಬಾಗಿಲು ಹಾರುಹೊಡೆದಿತ್ತು. ಮೇಲಿನ ಹಲಗೆಗಳ ತುಂಬ ಕಾಫಿ ಕಪ್ಪುಗಳು. ಕಾಫಿ ಹೊಟ್ಟಿನ ಬೂದಿಯನ್ನು ಅರೆದು, ನೀರಿನಲ್ಲಿ ಕಲಸಿ, ಕಪ್ಪಿನ ಮೈಗೆ ಬಳಿದು ಸುಟ್ಟರೆ ಜೇನಿನ ಬಣ್ಣದ ಹೊಳಪು ಬರುತ್ತದೆ. ಆ ಹೊಳಪಿಗಾಗಿ ಈ ಮನುಷ್ಯ ಎಷ್ಟೋ ವರ್ಷ ಮಣ್ಣು ತಿಂದಿದ್ದಾನೆ. ನಮ್ಮ ತಾಲೂಕಿನ ಕಾಫಿಯನ್ನು ನಮ್ಮ ತಾಲೂಕಿನ ಕಪ್ಪಿನಲ್ಲೇ ಕುಡಿಯಬೇಕು ಅನ್ನುವುದು ಅವನ ಹಟ.

ಕೆಳಗಿನ ಹಲಗೆಯಲ್ಲಿ ಮಾತ್ರ ಅನಾಹುತವಾಗಿತ್ತು. ಎಡಗಡೆ ಮೂಲೆಯಲ್ಲಿ ಏನೋ ಒಂದು ಉಕ್ಕಿ, ಗುಳ್ಳೆ ಎದ್ದು, ಬೆಲ್ಲದ ಪಾಕ ಚೆಲ್ಲಿದ ಹಾಗೆ ಹರಿದು ಗಟ್ಟಿಯಾಗಿತ್ತು. ಅಕ್ಕಪಕ್ಕದ ಕಪ್ಪುಗಳೆಲ್ಲ ಅದಕ್ಕೆ ಅಂಟಿಕೊಂಡು ಹಾಳಾಗಿದ್ದವು. ಆ ಕಂದು ಮುದ್ದೆಯ ನಡುವೆ ಹುಣಿಸೆ ಬೀಜಕ್ಕಿಂತ ದೊಡ್ಡದೊಂದು ಹಳದಿ ಗುಂಡು ಹೊಳೆಯುತ್ತಿತ್ತು.

“ಚಿನ್ನ!” ಅಂದರು ಪರಮೇಶ್ವರಪ್ಪನವರು, ಬೆರಳನ್ನು ಬಾಯಿಂದ ತೆಗೆದು. “ನಾವು ಊರೂರು ಸುತ್ತಿ ಕೂಲಿಗಳ ಲೈನ್ ಮನೆಗಳನ್ನೆಲ್ಲ ಜಾಲಾಡಿದ್ದೇ ಬಂತು. ಮಾಲು ನೋಡಿದ್ರೆ ಇವನ ಒಲೆಯಲ್ಲಿ!”

“ಒಲೆ ಅಲ್ಲ ಸರ್, ಗೂಡು,” ಅಂದ ನಿರಂಜನ.

ಕೈಗೆ ಕೋಳ ಬೀಳುವ ಹೊತ್ತಿನಲ್ಲೂ ಅವನಿಗೆ ಗೂಡಿನ ಮರ್ಯಾದೆಯೇ ಮುಖ್ಯ. ನನಗೆ ಇಂಥವರು ಇಷ್ಟ.

ಎಸ್ಟೇಟಿನ ಒಡತಿ ಗಿರಿಜಾಂಬಾ ಅವರ ಚಿನ್ನದ ಅವಲಕ್ಕಿ ಸರ, ಅದರ ಮಾಣಿಕ್ಯದ ಪದಕದ ಸಮೇತ, ಬಂಗಲೆಯಿಂದ ಕಾಣೆಯಾಗಿ ವಾರವಾಗಿತ್ತು. ಅದೇ ದಿನ ನಿರಂಜನ ಬಂಗಲೆಗೆ ಕಪ್ಪುಗಳನ್ನು ಕೊಟ್ಟು ಬಂದಿದ್ದ. ಇನ್ಸ್‌ಪೆಕ್ಟರಿಗೆ ಅಷ್ಟೇ ಸಾಕಾಗಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅವರದು.

“ನಡಿ, ಜೀಪ್ ಹತ್ತು,” ಅಂದರು.

“ಸರ್, ಒಂದ್ನಿಮಿಷ,” ಅಂದೆ ನಾನು. “ಠಾಣೆಗೆ ಫೋನ್ ಮಾಡಿ ನಮ್ಮನ್ನು ಕರೆದಿದ್ದೇ ಇವರು. ಕದ್ದೋರು ಯಾರಾದ್ರೂ ಕರೀತಾರಾ?”

“ಅದೇ ಬುದ್ಧಿವಂತಿಕೆ ಪವಿತ್ರಾ. ಕರಗಿ ಹಾಳಾಯ್ತಲ್ಲ, ಸಿಕ್ಕಿಬೀಳ್ತೀನಿ ಅಂತ ಮುಂಚೆನೇ ಸಾಚಾ ವೇಷ.”

ಹೇಳುತ್ತ ಹೇಳುತ್ತ ಅವರು ಲಾಠಿಯಿಂದ ಒಂದು ಕಪ್ಪನ್ನು ಕುಟ್ಟಿದರು. ಠಣ್ ಎಂದಿತು. ನಿರಂಜನನ ಮುಖ ಕಿವುಚಿಕೊಂಡಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ನಮ್ಮವರು ಸುಮ್ಮನೆ ಹೇಳಿದ್ದಲ್ಲ.

ನಮ್ಮವರು ಅಂದೆ. ಹೌದು, ನಾನು ಕುಂಬಾರರ ಮಗಳು. ಕಳಸದ ಆಚೆ, ಭದ್ರಾ ಹೊಳೆಯ ದಂಡೆಯಲ್ಲಿ ನಮ್ಮಪ್ಪ ಗುರುವಯ್ಯನ ಮಡಕೆ ಸುಡುವ ಆವಿಗೆ ಇತ್ತು. ಪೊಲೀಸ್ ಟ್ರೈನಿಂಗಿನಲ್ಲಿ ಒಬ್ಬಳು ಅದನ್ನೇ ಹಿಡಿದು ಹಂಗಿಸಿದ್ದಳು. ಮಣ್ಣನ್ನು ಪಾತ್ರೆ ಮಾಡುವವರ ಮಗಳು ನಾನು, ನಿನ್ನನ್ನು ಮಣ್ಣುಮುಕ್ಕಿಸುವುದು ಯಾವ ಲೆಕ್ಕ ಅಂತ ಹೇಳಿ, ಓಟದಲ್ಲಿ ಹಾಗೇ ಮಾಡಿ ತೋರಿಸಿದೆ. ಆ ಹೆಮ್ಮೆ ಇವತ್ತಿಗೂ ಕಡಿಮೆಯಾಗಿಲ್ಲ.

ಅದಕ್ಕೇ ಆ ಕಂದು ಮುದ್ದೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ.

ಎಲ್ಲ ಕರಗಿದ್ದರೂ ಒಂದು ಅಂಚು ಉಳಿದಿತ್ತು. ಬೆರಳಿನಿಂದ ಒತ್ತಿ ಮಾಡಿದ ಪುಟ್ಟ ಬಾಯಿ. ಹಸಿಮಣ್ಣಿನ ಕುಡಿಕೆಯೊಂದರಲ್ಲಿ ಸರವನ್ನು ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ಕಪ್ಪುಗಳ ಹಿಂದೆ ಮೂಲೆಗೆ ತಳ್ಳಿದ್ದರು.

“ನಿರಂಜನ್ ಅವ್ರೇ, ನಿಮ್ಮ ಕಪ್ಪಿನ ಮಣ್ಣು ಇದೇನಾ?”

“ಛೆ, ಅಲ್ಲ ಮೇಡಂ! ನನ್ನ ಮಣ್ಣು ಬಿಳಿ. ಅದು ಎಂಥಾ ಬೆಂಕಿಗೂ ನಿಲ್ತದೆ. ಇದು ಕೆರೆಯ ಕೆಂಪು ಮಣ್ಣು, ಕಬ್ಬಿಣ ಜಾಸ್ತಿ ಇರೋದು. ಎಂಟುನೂರು ಡಿಗ್ರಿಗೆಲ್ಲ ಬೆಂದು ಚೆನ್ನಾಗಿ ಗಟ್ಟಿ ಆಗ್ತದೆ. ಅದೇ ಮಣ್ಣನ್ನ ಸಾವಿರದ ಇನ್ನೂರು ದಾಟಿಸಿದ್ರೆ ಹೀಗೆ ಪಾಯಸ ಆಗ್ತದೆ. ನನ್ನ ಗೂಡಿನ ಒಳಗೆ ಆ ಮಣ್ಣನ್ನ ನಾನು ಬಿಟ್ಕೊಳ್ಳೋದೇ ಇಲ್ಲ. ಹಲಗೆ ಹಾಳಾಗಿದೆ ನೋಡಿ, ಇಷ್ಟು ಕಪ್ಪು ಹೋಯ್ತು.”

“ಚಿನ್ನ ಎಷ್ಟಕ್ಕೆ ಕರಗ್ತದೆ?”

“ಒಡವೆ ಚಿನ್ನ ಆದ್ರೆ ಸಾವಿರದ ಹತ್ತಿರ ಹತ್ತಿರ.”

ನಾನು ಎದ್ದು ನಿಂತೆ. ಹೇಳುವುದಕ್ಕೆ ನಾಚಿಕೆ ಏನು, ಒಳಗೆ ಹಿಗ್ಗು ಬಂದಿತ್ತು.

“ಸರ್, ಇಟ್ಟೋರು ಇವರಲ್ಲ. ತನ್ನ ಗೂಡಲ್ಲಿ ಚಿನ್ನ ನೀರಾಗ್ತದೆ, ಕೆರೆಮಣ್ಣೂ ನೀರಾಗ್ತದೆ ಅಂತ ಗೊತ್ತಿರೋನು, ಕೆರೆಮಣ್ಣಿನ ಕುಡಿಕೆಯಲ್ಲಿ ಚಿನ್ನ ತುಂಬಿ ಅದೇ ಗೂಡಲ್ಲಿ ಯಾಕೆ ಇಡ್ತಾನೆ? ತನ್ನ ಕಪ್ಪನ್ನೂ ತಾನೇ ಹಾಳು ಮಾಡ್ಕೊಂಡು?”

“ಮತ್ತೆ ಯಾರು?”

“ಬೆಂಕಿ ಹತ್ತಿದ ಗೂಡನ್ನ ಪೊಲೀಸರೂ ತೆಗೆಯಲ್ಲ, ಕಳ್ಳರೂ ತೆಗೆಯಲ್ಲ. ಅಡಗಿಸೋಕೆ ಅದಕ್ಕಿಂತ ಭದ್ರವಾದ ಜಾಗ ಇಲ್ಲ ಅಂತ ಇಟ್ಟಿದ್ದಾರೆ. ಒಳಗೆ ಇಟ್ಟ ಚಿನ್ನ ಇಟ್ಟ ಹಾಗೇ ಹೊರಗೆ ಬರ್ತದೆ ಅಂತ ಅವರಿಗೆ ಗಟ್ಟಿ ನಂಬಿಕೆ. ಅಂದ್ರೆ ಅವರು ಕಂಡಿರೋದು ಹಳೇ ಸೌದೆ ಆವಿಗೆ ಮಾತ್ರ. ಅದರ ಬಿಸಿಗೆ ಮಣ್ಣು ಬೇಯ್ತದೆ, ಚಿನ್ನ ಅಲುಗಾಡಲ್ಲ.”

ಪರಮೇಶ್ವರಪ್ಪನವರು ತಲೆ ಕೆರೆದುಕೊಂಡರು. ಅಷ್ಟರಲ್ಲಿ ನಿರಂಜನ ಬಗ್ಗಿ ಹಳದಿ ಗುಂಡಿನ ಪಕ್ಕಕ್ಕೆ ಬೆರಳು ತೋರಿಸಿದ. ಅಲ್ಲಿ ಮಸುಕು ಕೆಂಪು ಬಣ್ಣದ ಒಂದು ಗೀರು ಕಂದು ಪಾಕದ ಜೊತೆ ಹರಿದುಹೋಗಿತ್ತು.

“ಮೇಡಂ, ಪದಕದ ಕಲ್ಲು ಮಾಣಿಕ್ಯ ಅಂದ್ರಲ್ಲ? ನಿಜವಾದ ಮಾಣಿಕ್ಯ ಈ ಬೆಂಕಿಗೆಲ್ಲ ಸೊಪ್ಪು ಹಾಕಲ್ಲ. ಕಲ್ಲು ಕಲ್ಲಾಗೇ ಇರ್ಬೇಕಿತ್ತು. ಇದು ಕರಗಿದೆ. ಗಾಜು.”

“ಏನಯ್ಯಾ! ಅಮ್ಮಾವ್ರ ಮಾಣಿಕ್ಯ ಗಾಜು ಅಂತೀಯಾ?” ಇನ್ಸ್‌ಪೆಕ್ಟರು ಹೌಹಾರಿದರು. “ಹೊರಗೆಲ್ಲೂ ಬಾಯಿ ಬಿಡ್ಬೇಡ ಮಾರಾಯ, ನನಗೆ ರಿಟೈರ್ ಆಗೋಕೆ ಇನ್ನೂ ಟೈಮ್ ಇದೆ.”

ನಾನು ಮಾತ್ರ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ದೂರಿನಲ್ಲಿ ಗಿರಿಜಾಂಬಾ ತಮ್ಮ ಬಾಯಲ್ಲೇ ಹೇಳಿದ್ದು ಅಸಲಿ ಮಾಣಿಕ್ಯ ಅಂತ. ಒಂದೋ ಅವರಿಗೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಸುಳ್ಳು ಹೇಳಿದ್ದಾರೆ.

“ಆಯ್ತು,” ಅಂದರು ಪರಮೇಶ್ವರಪ್ಪನವರು. “ಸೌದೆ ಆವಿಗೆ ಬಿಟ್ಟು ಬೇರೆ ಗೊತ್ತಿಲ್ಲದೋರು, ಈ ಗೂಡಿಗೆ ಕೈ ಹಾಕೋರು. ಅಂಥೋರು ಇಲ್ಲಿ ಯಾರಿದ್ದಾರೆ ನಿರಂಜನ?”

ನಿರಂಜನ ಬಾಯಿ ತೆರೆದ. ನನ್ನ ಕಡೆ ನೋಡಿದ. ಆಮೇಲೆ ನೆಲ ನೋಡಿದ.

“ಗೊತ್ತಿಲ್ಲ ಸರ್,” ಅಂದ.

ಆ ನೋಟ ಎದೆಗೆ ಬಂದು ಬಡಿಯಿತು. ಇಷ್ಟು ಹೊತ್ತು ಹಿಗ್ಗಿ ಹೀರೇಕಾಯಿಯಾಗಿದ್ದವಳು ಅಲ್ಲೇ ತಣ್ಣಗಾದೆ.

ಏಕೆಂದರೆ ನಿರಂಜನನ ಗೂಡಿಗೆ ಕಪ್ಪುಗಳನ್ನು ಜೋಡಿಸುವ ಕೆಲಸ ನಮ್ಮಮ್ಮ ಸಿದ್ದಮ್ಮನದು. ಅಪ್ಪ ಹೋದ ಮೇಲೆ ನನ್ನ ಜೊತೆ ಬಣಕಲ್ಲಿಗೆ ಬಂದವಳು, ಕೈಕಟ್ಟಿ ಕೂರಲಾರೆ ಅಂತ ಹಟ ಹಿಡಿದು ಹೋದ ತಿಂಗಳು ಇಲ್ಲಿ ಸೇರಿದ್ದಳು. ಬಂಗಲೆಗೆ ಕಪ್ಪು ಕೊಡಲು ಹೋದ ದಿನ ವ್ಯಾನಿನಲ್ಲಿ ನಿರಂಜನನ ಪಕ್ಕ ಕೂತು ಹೋದವಳೂ ಅವಳೇ. ಅದನ್ನು ಯಾರೂ ಕೇಳಿರಲಿಲ್ಲ. ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ತಾಯಿಯನ್ನು ಯಾರು ಕೇಳುತ್ತಾರೆ?

ಇನ್ನೊಂದು ಸಂಗತಿ ಈ ಶೆಡ್ಡಿನಲ್ಲಿ ನನಗೆ ಮಾತ್ರ ಗೊತ್ತಿತ್ತು. ನಮ್ಮ ಮನೆಯಲ್ಲಿ ಒಂದು ಪದ್ಧತಿ. ವರ್ಷದ ಮೊದಲ ಆವಿಗೆ ಹಚ್ಚುವಾಗ ಮನೆಯ ಹೆಂಗಸು ತನ್ನ ಮೂಗುಬೊಟ್ಟನ್ನು ಬಿಚ್ಚಿ, ಕುಡಿಕೆಯಲ್ಲಿಟ್ಟು, ಬಾಯಿ ಮುಚ್ಚಿ, ಆವಿಗೆಯ ಹೊಟ್ಟೆಯೊಳಗೆ ಇಡುತ್ತಾಳೆ. ಬೆಂಕಿ ಆರಿದ ಮೇಲೆ ಅವಳೇ ಮೊದಲು ಕೈ ಹಾಕಿ ಅದನ್ನು ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳುತ್ತಾಳೆ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಅಮ್ಮನ ಮೂಗುಬೊಟ್ಟು ಅಷ್ಟೊಂದು ಆವಿಗೆ ಕಂಡರೂ ಇವತ್ತಿಗೂ ಹೊಸದರ ಹಾಗೇ ಇದೆ.

“ಸಂಜೆ ತನಕ ಟೈಮ್ ಕೊಡ್ತೀನಿ ಪವಿತ್ರಾ,” ಅಂದರು ಇನ್ಸ್‌ಪೆಕ್ಟರು. “ನನಗೆ ಒಂದು ಹೆಸರು ಬೇಕು. ಇಲ್ಲ ಅಂದ್ರೆ ಇವನನ್ನೇ ಒಳಗೆ ಹಾಕೋದು. ಮೇಲಿನ ಸಾಹೇಬ್ರಿಗೆ ನಾನು ಉತ್ತರ ಹೇಳ್ಬೇಕು.”

“ಕೊಡ್ತೀನಿ ಸರ್,” ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಹೊರಡುವಾಗ ನಿರಂಜನ ಹಿಂದೆಯೇ ಬಂದ. “ಮೇಡಂ, ನಾನು ಎಂತದೂ ಹೇಳಲ್ಲ,” ಅಂತ ಮೆಲ್ಲಗೆ ಅಂದ. “ಸಿದ್ದಮ್ಮನವರು ಅಂಥೋರಲ್ಲ.”

ತನಗೆ ಜೈಲು ಕಾದಿದ್ದರೂ ನಮ್ಮಮ್ಮನ ಹೆಸರು ಹೇಳದ ಆ ಮನುಷ್ಯನನ್ನು ಕಂಡು ನನಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. ನಾನು ಬೈಕ್ ಹತ್ತಿದೆ.

ಮನೆಯ ಹಿಂದಿನ ಚಪ್ಪರದಲ್ಲಿ ಅಮ್ಮ ಗಡಿಗೆ ತಟ್ಟುತ್ತಿದ್ದಳು. ಒಳಗಿನಿಂದ ದುಂಡುಕಲ್ಲು ಹಿಡಿದು ಹೊರಗಿನಿಂದ ಪುಟ್ಟ ಹಲಗೆಯಲ್ಲಿ ಟಪ್ ಟಪ್. ನನ್ನ ಕಡೆ ತಿರುಗಿ ನೋಡಲಿಲ್ಲ.

“ಊಟಕ್ಕೆ ಬಂದ್ಯಾ? ಅಕ್ಕಿ ರೊಟ್ಟಿ ಇದೆ.”

“ಅಮ್ಮ, ಗೂಡಲ್ಲಿ ಕುಡಿಕೆ ಇಟ್ಟಿದ್ದು ನೀನಾ?”

ಟಪ್ ಟಪ್ ನಿಂತಿತು.

“ತೆಗೆದ್ರಾ? ನಾನು ಬರೋ ಮುಂಚೆ ಬಾಗಿಲು ತೆಗೀಲಿಕ್ಕೆ ಯಾರು ಹೇಳಿದ್ದು ಅವನಿಗೆ?”

ನಾನು ಏನೆಲ್ಲ ಅಂದುಕೊಂಡು ಬಂದಿದ್ದೆ. ಅಳುತ್ತಾಳೆ, ಅಲ್ಲ ಅಂತಾಳೆ, ಆಣೆ ಇಡುತ್ತಾಳೆ ಅಂತ. ಈ ಮಾರಾಯ್ತಿ ನನ್ನನ್ನೇ ಗದರಿಸುತ್ತಿದ್ದಳು.

“ಅಂದ್ರೆ ನೀನೇ.”

“ನಾನೇ. ಅದಕ್ಕೆಂತ ಈಗ? ಹಾಗೆ ಸೊಂಟಕ್ಕೆ ಕೈಯಿಟ್ಟು ನಿಂತ್ರೆ ಹೆದರ್ತೀನಾ? ನಿನಗೆ ನಡೆಯೋದು ಕಲಿಸಿದ್ದು ನಾನು.” ಮಣ್ಣು ಮೆತ್ತಿದ ಅಂಗೈ ಚಾಚಿದಳು. “ಕೊಡು. ಎಲ್ಲಿ ಅದು?”

“ಕರಗಿ ಹೋಯ್ತು.”

ಅಮ್ಮ ನಕ್ಕಳು. ನಿಜವಾಗಿ ನಕ್ಕಳು.

“ಹುಚ್ಚಿ. ಚಿನ್ನ ಆವಿಗೆಯಲ್ಲಿ ಕರಗ್ತದಾ? ಇದನ್ನ ನೋಡು.” ಮೂಗಿನ ತುದಿಗೆ ಬೆರಳು ತೋರಿಸಿದಳು. “ನಿಮ್ಮಜ್ಜಿ ಹಾಕಿದ್ದು, ಅವಳ ಅತ್ತೆ ಹಾಕಿದ್ದು. ಎಷ್ಟು ಬೆಂಕಿ ಕಂಡಿದೆ! ಒಂದು ಗೀರು ಬಿದ್ದಿದೆಯಾ?”

ನಾನು ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಅವಳ ಮುಂದೆ ಹಿಡಿದೆ.

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಕೈಯಲ್ಲಿದ್ದ ಹಲಗೆಯನ್ನು ಕೆಳಗಿಟ್ಟಳು. ಮತ್ತೆ ನೋಡಿದಳು.

“ಕುಡಿಕೆನೂ ಕರಗಿದೆಯಲ್ಲೇ,” ಅಂದಳು. “ಸುಟ್ಟ ಮಣ್ಣು ಕರಗೋದು ನಾನು ಹುಟ್ಟಿದಾಗಿಂದ ಕಂಡಿಲ್ಲ.”

“ಅವನ ಬೆಂಕಿ ಬೇರೆ ಅಮ್ಮ. ನಮ್ಮ ಆವಿಗೆ ಮಣ್ಣನ್ನ ಬೇಯಿಸ್ತದೆ, ಅಷ್ಟೇ. ಅದಕ್ಕೇ ನಮ್ಮ ಗಡಿಗೆ ನೀರು ಒಸರ್ತದೆ, ನೀರು ತಣ್ಣಗಾಗ್ತದೆ. ಅವನ ಗೂಡು ಇನ್ನೂ ಮೇಲೆ ಹೋಗ್ತದೆ. ಮಣ್ಣಿನ ಕಣಕಣ ಒಂದಕ್ಕೊಂದು ಬೆಸೆದು ಕಲ್ಲಾಗ್ತದೆ. ಆ ಬಿಸಿಗೆ ಚಿನ್ನ ತಡೆಯಲ್ಲ, ನಮ್ಮ ಮಣ್ಣೂ ತಡೆಯಲ್ಲ.”

“ಬೆಂಕಿ ಅಂದ್ರೆ ಬೆಂಕಿ ಅಂದ್ಕೊಂಡೆ,” ಅಂದಳು ಅಮ್ಮ. “ಹಾಗಾದ್ರೆ ನಾನು ಮಾತಿಗೆ ತಪ್ಪಿದೆನಲ್ಲ. ಇದ್ದ ಹಾಗೇ ವಾಪಸ್ ಕೊಡ್ತೀನಿ ಅಂದಿದ್ದೆ.”

“ಯಾರಿಗೆ?”

ಅವಳು ಕೆಳಗಿಟ್ಟ ಹಲಗೆಯನ್ನು ಮತ್ತೆ ಎತ್ತಿಕೊಂಡಳು.

“ಯಾರಿಗೆ ಅಮ್ಮ? ಕದ್ದಿದ್ದು ಯಾರು?”

“ಕದ್ದಿದ್ದು!” ಅಮ್ಮ ಧಡಕ್ಕನೆ ಎದ್ದಳು. ತೊಡೆಯ ಮೇಲಿದ್ದ ಹಸಿ ಗಡಿಗೆ ಉರುಳಿ ಕುಸಿಯಿತು. “ನಿನ್ನ ನಾಲಿಗೆಗೆ ಬೆಂಕಿ ಬೀಳ. ನಿಮ್ಮಪ್ಪ ಸಂತೇಲಿ ಸಣ್ಣ ಬಿರುಕಿದ್ದ ಮಡಕೇನ ತಾನೇ ತೋರಿಸಿ ಪಕ್ಕಕ್ಕಿಡ್ತಿದ್ದ. ಅವನ ಹೆಂಡ್ತಿ ಕದೀತಾಳಾ? ಒಬ್ಬರು ಕೊಟ್ರು. ಇಟ್ಕೋ ಅಂದ್ರು. ಹೆಸರು ಹೇಳ್ಬೇಡ ಅಂದ್ರು. ಹೂಂ ಅಂದೆ. ನೀವು ಮನೆಮನೆ ಹುಡುಕ್ತೀರಿ ಅಂತ ಗೊತ್ತಾಯ್ತು, ಅವರಿಗೂ ಹೇಳಿ ಆವಿಗೆಯ ಹೊಟ್ಟೆಲಿಟ್ಟೆ. ನಮ್ಮಲ್ಲಿ ಅದು ದೇವರ ಹತ್ರ ಇಟ್ಟ ಹಾಗೆ.”

“ಕೊಟ್ಟೋರು ಯಾರು ಅಂತ ಹೇಳು, ಸಾಕು.”

“ಹೇಳಲ್ಲ.”

“ಸಂಜೆ ನಿರಂಜನನ್ನ ಒಳಗೆ ಹಾಕ್ತಾರೆ. ಗೊತ್ತಾ? ಅವನ ಗೂಡು ತಣ್ಣಗಾಗ್ತದೆ. ಅಲ್ಲಿ ಕೆಲಸ ಮಾಡೋ ಹೆಂಗಸರೆಲ್ಲ ಮನೆಗೆ.”

ಅಮ್ಮ ಹಂಡೆಯ ಹತ್ತಿರ ಹೋಗಿ ಮೊಣಕೈವರೆಗೆ ತಿಕ್ಕಿ ತಿಕ್ಕಿ ಕೈ ತೊಳೆದಳು.

“ಆ ಹುಡುಗ ಎಂತ ಮಾಡಿದ್ದಾನೆ? ನಡಿ, ನಾನೇ ಬರ್ತೀನಿ. ಇಟ್ಟೋಳು ನಾನು ಅಂತ ಬರ್ಕೋ. ಸೀರೆ ಬದಲಾಯಿಸ್ಲಾ, ಇದೇ ಸಾಕಾ?”

ನನಗೆ ತಡೆಯಲಾಗಲಿಲ್ಲ. ಕಿರುಚಿದೆ.

“ನಿನ್ನನ್ನ ಕೋಳ ಹಾಕಿ ಊರ ಮುಂದೆ ಕರ್ಕೊಂಡು ಹೋಗ್ಲಾ? ಕಳ್ಳಿಯ ಮಗಳು ಅಂತ ಈ ಯೂನಿಫಾರಂ ಬಿಚ್ಚಿಸ್ತಾರೆ ನಂದು! ಯಾರದೋ ಒಂದು ಹೆಸರಿಗೋಸ್ಕರ?”

“ಬೇರೆಯೋರ ಹೆಸರಿಗಲ್ಲ. ನನ್ನ ಮಾತಿಗೆ.” ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. “ಸಿದ್ದಮ್ಮ ಹೇಳಿದ್ಲು ಅಂದ್ರೆ ಆಯ್ತು ಅಂತ ಕಳಸದ ಪೇಟೇಲಿ ಎಲ್ರೂ ಅಂತಿದ್ರು. ಅದೊಂದು ಬಿಟ್ರೆ ನನ್ನ ಹತ್ರ ಇನ್ನೆಂತ ಇದೆ ಹೇಳು? ಚಿನ್ನ ಅಂತೂ ಹೋಯ್ತು. ಮಾತೂ ಹೋಗ್ಬೇಕಾ? ಪೊಲೀಸಿನೋಳು ನೀನು. ಹೆಸರು ಬೇಕು ಅಂದ್ರೆ ನೀನೇ ಹುಡುಕ್ಕೋ.”

ಜುಟ್ಟು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಕಾಲಿಗೆ ಬೀಳಬೇಕು ಅಂತಲೂ ಅನ್ನಿಸಿತು. ಠಾಣೆಯಲ್ಲಿ ಎಂಥೆಂಥ ದೊಡ್ಡ ಮನುಷ್ಯರು ಮೊದಲ ಪ್ರಶ್ನೆಗೇ ಅಣ್ಣತಮ್ಮಂದಿರ ಹೆಸರು ಹೇಳಿ ಜಾರಿಕೊಳ್ಳುವುದನ್ನು ನೋಡಿದ್ದೇನೆ. ನಮ್ಮಮ್ಮ ಜೈಲಿಗೆ ಹೋಗಲು ಸೀರೆ ಯಾವುದು ಅಂತ ಕೇಳುತ್ತಿದ್ದಳು. ಅಂಥ ಸಂಕಟದಲ್ಲೂ ನನಗೆ ಅವಳ ಬಗ್ಗೆ ಹೆಮ್ಮೆ ಉಕ್ಕಿ ಬಂತು.

“ಆ ನೀಲಿ ಸೀರೆ ಉಟ್ಕೋ,” ಅಂದೆ.

ಅಷ್ಟರಲ್ಲಿ ಅಂಗಳದ ಮುಂದೆ ಜೀಪು ಬಂದು ನಿಂತ ಸದ್ದಾಯಿತು. ಇನ್ಸ್‌ಪೆಕ್ಟರು ಆಗಲೇ ಬಂದರಾ ಅಂತ ನಡುಮನೆಯ ಕಿಟಕಿಯಿಂದ ಇಣುಕಿದೆ. ಪೊಲೀಸ್ ಜೀಪಲ್ಲ. ನನ್ನ ಬೈಕು ಹಿಂದಿನ ಚಪ್ಪರದ ಬಳಿ ಇತ್ತು, ಮುಂದೆ ನಿಂತವರಿಗೆ ಕಾಣುವಂತಿರಲಿಲ್ಲ.

ಚಪ್ಪಲಿಯ ಸದ್ದು ಜಗುಲಿಯವರೆಗೆ ಬಂತು. ಆಮೇಲೆ ಗತ್ತಿನ ಒಂದು ದನಿ, ಆದರೆ ಈಗ ಪಿಸುಮಾತಿಗೆ ಇಳಿದದ್ದು. ವಾರದ ಹಿಂದೆ ಇದೇ ದನಿ ನನ್ನ ಮೇಜಿನ ಎದುರು ಕೂತು ಅತ್ತು ಅತ್ತು ದೂರು ಬರೆಸಿತ್ತು.

“ಸಿದ್ದಮ್ಮಾ... ಗೂಡು ತೆಗೆದ್ರಂತೆ. ನಾನು ಕೊಟ್ಟಿದ್ದು ಎಲ್ಲಿ? ಬೇಗ ಕೊಡು, ಯಾರಾದ್ರೂ ನೋಡ್ತಾರೆ.”

ಗಿರಿಜಾಂಬಾ! ಮಾಣಿಕ್ಯ ಗಾಜು ಅನ್ನುವ ಗುಟ್ಟು ಹೊರಬೀಳದಿರಲಿ ಅಂತ ಸರವನ್ನು ತಾವೇ ಅಮ್ಮನ ಕೈಗೆ ಕೊಟ್ಟು, ಕಳವಾಯಿತು ಅಂತ ದೂರು ಬರೆಸಿರಬೇಕು.

ನಾನು ಬಾಗಿಲ ಕಡೆ ನುಗ್ಗಿದೆ. ಅಮ್ಮನ ಒದ್ದೆ ಕೈ ನನ್ನ ರಟ್ಟೆ ಹಿಡಿದು ನಿಲ್ಲಿಸಿತು. ಅವಳು ಸೆರಗು ಸರಿಮಾಡಿಕೊಂಡು, ತಲೆಯೆತ್ತಿ, ತಾನೇ ಮುಂಬಾಗಿಲಿಗೆ ನಡೆದಳು.

“ಹೆಸರು ನಾನು ಹೇಳಿಲ್ಲ ಅಮ್ಮಾವ್ರೇ,” ಅಂದಳು. “ನೀವು ಒಳಗೆ ಬನ್ನಿ. ನನ್ನ ಮಗಳು ಮನೇಲೇ ಇದ್ದಾಳೆ. ಯೂನಿಫಾರಂನಲ್ಲೇ ಇದ್ದಾಳೆ.”